ಕಾಳಿಯ ಊರಿನವರು ನಾವು

(ಮಂಡ್ಯದಲ್ಲಿ ಒಂದು ಭಾನುವಾರ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ತಪ್ಪೊಪ್ಪಿಕೊಂಡುಬಿಡುತ್ತೇನೆ. ಆಹ್ವಾನ ಪತ್ರಿಕೆಯಲ್ಲಿ ‘ಆತಕೂರು ಶಾಸನ: ಒಂದು ಅವಲೋಕನ’ ಎಂದು ಅಚ್ಚಾಗಿದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಭಾಷಣಕ್ಕೆ ಕರೆದಾಗ ನಾಯಿ ಸಾಕುವ ವಿಚಾರ ಮಾತಾಡುತ್ತೇನೆ ಅಂದೆ. ಕರೆದವರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ಹಳಗನ್ನಡದ್ದು ಏನಾದ್ರೂ ಇಟ್ಕೊಂಡಿದ್ರೆ ಚೆನ್ನಾಗಿರ್ತಿತ್ತು” ಅಂದರು. ಸರಿ, ಹಳಗನ್ನಡದಲ್ಲೇ ಒಂದು ನಾಯಿ ಇದೆಯಲ್ಲ, ಅದನ್ನು ಮುಂದೆ ಬಿಟ್ಟುಕೊಂಡು ಅದರ ಹಿಂದೆಯೇ ನಮ್ಮನೆ ನಾಯಿಯನ್ನೂ ಸಭೆಯೊಳಕ್ಕೆ ನುಗ್ಗಿಸಿದ್ದೇನೆ.

ಮದ್ದೂರು ತಾಲ್ಲೂಕಿನ ಆತಗೂರು ನಿಮ್ಮಲ್ಲಿ ಎಷ್ಟೋ ಜನಕ್ಕೆ ನೆಂಟರ ಊರು. ಶಾಸನದ ಆತಕೂರು ಅದೇ. ಶಕ ವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ. ಕೃಷ್ಣನ ಕಡೆಯಿದ್ದ ಗಂಗರ ಇಮ್ಮಡಿ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಪರವಾಗಿ ಕಾದಿದ ವೀರ ಮಣಲೆರ. ಬೂತುಗ ಮೆಚ್ಚಿ, ಏನು ಬೇಕೋ ಬೇಡಿಕೊ ಅಂದ. ಮಣಲೆರ ಬೇಡಿದ್ದು ಕಾಳಿಯನ್ನು. ಕಾಳಿ ಅಂದರೆ ಬೂತುಗನ ಬೇಟೆನಾಯಿ. ಆತಕೂರು ಮತ್ತು ಅದರ ಸುತ್ತಿನ ಹಳ್ಳಿಗಳೂ ಅವನಿಗೆ ದಕ್ಕಿದವು, ಪೂರ್ತಿ ಬೈರಾಗಿಯೇನಲ್ಲ. ಆದರೆ ಬಾಯಿ ಬಿಟ್ಟು ಕೇಳಿದ್ದು ಮಾತ್ರ ನಾಯಿಯನ್ನು.

ಆಮೇಲೆ ಬೆಳತೂರ ಹತ್ತಿರದ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿ, ಹಂದಿ ಎರಡೂ ಕಚ್ಚಾಡಿ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಾಳಿಗೆ ಕಲ್ಲು ನೆಡಿಸಿದ. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿವೆ. ಆ ಕಲ್ಲಿನ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟ. ಗಂಗ, ರಾಷ್ಟ್ರಕೂಟ, ಚೋಳ ಎಂದು ಇತಿಹಾಸದ ಮೇಷ್ಟರು ಪಾಠ ಮಾಡುತ್ತಾರಲ್ಲ, ಆ ತಕ್ಕೋಲದ ಯುದ್ಧದ ಸುದ್ದಿ ನಮಗೆ ಸಿಗುವ ಮುಖ್ಯ ಜಾಗಗಳಲ್ಲಿ ಒಂದು ಈ ನಾಯಿಯ ಕಲ್ಲು. ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ನಮ್ಮ ಮಕ್ಕಳ ಹಾಗೆ ಅದೂ ಬೆಂಗಳೂರಿಗೆ ಹೋಗಿ ಸೆಟ್ಲಾಗಿದೆ.

ಶಾಸನದ ಕೊನೆಯಲ್ಲಿ ಒಂದು ಮಾತಿದೆ. ಕ್ಲಾಸಿನಲ್ಲಿ ಪ್ರತಿ ವರ್ಷ ಅದನ್ನು ಓದಿ ಮುಂದೆ ಹೋಗುತ್ತಿದ್ದೆ. ಆ ಗುಡಿಯ ಗೊರವ, ಅಂದರೆ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟಕ್ಕೆ ಕೂತರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಸುತ್ತಿಕೊಳ್ಳುತ್ತದೆ. ದತ್ತಿ ಭೂಮಿಯನ್ನು ಕೆಡಿಸಿದವನಿಗೂ ಅದೇ ಶಾಪ. ನಮ್ಮ ಬೇರೆ ಶಾಸನಗಳಲ್ಲಿ ಸಾಮಾನ್ಯವಾಗಿ ಗೋಹತ್ಯೆಯ ಪಾಪ, ವಾರಣಾಸಿಯಲ್ಲಿ ಬ್ರಾಹ್ಮಣರನ್ನು ಕೊಂದ ಪಾಪ ಎಂದಿರುತ್ತದೆ. ಇಲ್ಲಿ ನಾಯಿ ಮಾಡಿದ ಪಾಪ. ನಾಯಿ ಮಾಡುವ ಪಾಪ ಯಾವುದು? ಒಬ್ಬ ಹುಡುಗ ಕೇಳಿಯೂ ಕೇಳಿದ್ದ. “ಕೂತ್ಕೊಳೋ” ಅಂದಿದ್ದೆ. ಉತ್ತರ ಗೊತ್ತಿರಲಿಲ್ಲ, ಆಗಿನ್ನೂ ನಮ್ಮ ಮನೆಗೆ ಸುಬ್ಬಿ ಬಂದಿರಲಿಲ್ಲ.

ಸುಬ್ಬಿಗೂ ಮೊದಲು ಕರಿಯನ ವಿಚಾರ ಎರಡು ಮಾತು. ನನ್ನ ತೌರು ಪಾಂಡವಪುರದ ಕಡೆ. ಕರಿಯನನ್ನು ನಾವು ಯಾರೂ ಸಾಕಿರಲಿಲ್ಲ, ಅವನೇ ನಮ್ಮ ಮನೆ ಹಿಡಿದಿದ್ದ. ಕೊರಳಿಗೆ ಬೆಲ್ಟಿಲ್ಲ, ಸೂಜಿಯಿಲ್ಲ, ಮನೆಗೆ ಗೇಟೂ ಇಲ್ಲ. ಮಿಕ್ಕ ಮುದ್ದೆ ತಿಂದು ಜಗಲಿ ಕೆಳಗೆ ಮಲಗುತ್ತಿದ್ದ. ಅಪ್ಪ ಆಲೆಮನೆಗೆ ಹೊರಟರೆ ಮುಂದೆ ಮುಂದೆ ಹೋಗುತ್ತಿದ್ದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಮಡ್ಡಿ ತೆಗೆದು ಪಕ್ಕಕ್ಕೆ ಹಾಕುತ್ತಾರಲ್ಲ, ಅದನ್ನು ನೆಕ್ಕಿ ನೆಕ್ಕಿ ಆಲೆಮನೆ ಕಾಲದಲ್ಲಿ ಗುಂಡಗಾಗುತ್ತಿದ್ದ. ಒಂದು ದಿನ ಬರಲಿಲ್ಲ. ಮಾರನೆ ದಿನವೂ ಬರಲಿಲ್ಲ. ನಾನು ಅತ್ತಾಗ ಅವ್ವ, “ನಿಯತ್ತಿನ ನಾಯಿ ಮನೇಲಿ ಸಾಯಕ್ಕಿಲ್ಲ ಕಣವ್ವ, ದೂರ ಹೊಂಟೋಯ್ತದೆ” ಅಂದಳು. ಅದು ನಾಯಿಯ ಮರ್ಯಾದೆ ಅಂತ ಎಷ್ಟೋ ವರ್ಷ ನಂಬಿದ್ದೆ. ಮರ್ಯಾದೆಯೇನಲ್ಲ, ಮೈಯಲ್ಲಿ ಶಕ್ತಿ ಇಲ್ಲದ ಪ್ರಾಣಿ ಯಾರ ಕಣ್ಣಿಗೂ ಬೀಳದ ಜಾಗ ಹುಡುಕುತ್ತದೆ ಎಂದು ಆಮೇಲೆ ನಮ್ಮ ದನದ ಡಾಕ್ಟರು ತಿಳಿಸಿ ಹೇಳಿದರು.

ಅದೇ ಊರಲ್ಲಿ ನಮ್ಮ ಚಿಕ್ಕಪ್ಪನಿಗೆ ಹುಚ್ಚುನಾಯಿ ಕಚ್ಚಿ, ಮಂಡ್ಯ ಆಸ್ಪತ್ರೆಯಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸಿದ್ದರು. ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೆ ನಿಲ್ಲಿಸಿದರು. ಈಗ ತೋಳಿಗೆ ನಾಲ್ಕೈದು ಸಲ, ಅಷ್ಟೆ. ಆದರೂ ಜನ ಕಚ್ಚಿದ ಜಾಗಕ್ಕೆ ಸುಣ್ಣ, ಮೆಣಸಿನಪುಡಿ ಮೆತ್ತುವುದು ಬಿಟ್ಟಿಲ್ಲ. ದಯವಿಟ್ಟು ಮೆತ್ತಬೇಡಿ. ನಲ್ಲಿ ನೀರು ಬಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ. ಇದನ್ನು ಹೇಳದೆ ನಾಯಿಯ ಪ್ರೀತಿ ಹಾಡಿ ಹೊಗಳಿದರೆ ಅದು ಬೇಜವಾಬ್ದಾರಿ ಅಂತ ನನ್ನ ಅಭಿಪ್ರಾಯ.

ಸುಬ್ಬಿ ಬಂದಿದ್ದು 2010ರ ಡಿಸೆಂಬರಿನಲ್ಲಿ, ಸುಬ್ಬರಾಯನ ಷಷ್ಠಿ ದಿನ. ಮಗಳು ಆಗ ಏಳನೇ ಕ್ಲಾಸು. ಸ್ಕೂಲ್ ಬ್ಯಾಗಿನಿಂದ ಪುಸ್ತಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದಳು. ಬ್ಯಾಗಿನಲ್ಲಿ ಮರಿ. ರಸ್ತೆ ಬದಿ ನಾಲ್ಕು ಮರಿ ಇದ್ದವಂತೆ, ಮೂರು ರಕ್ತಭೇದಿಯಾಗಿ ಸತ್ತಿದ್ದವು. ಪಾರ್ವೋ ಎಂದು ಡಾಕ್ಟರು ಹೇಳಿದರು. ಲಸಿಕೆ ಹಾಕಿಸದ ಮರಿಗಳನ್ನು ಎರಡು ಮೂರು ದಿನದಲ್ಲಿ ಒರೆಸಿಹಾಕುವ ರೋಗ. ಇದೊಂದು ಮರಿ ಹೇಗೆ ಉಳಿಯಿತೋ.

ನಮ್ಮತ್ತೆ ನಡುಮನೆಯಲ್ಲಿ ನಿಂತು ತೀರ್ಪು ಕೊಟ್ಟರು: “ನಾಗಪ್ಪಂಗೆ ತನಿ ಎರೆಯೋ ದಿನ ನಾಯಿ ಒಳೀಕ್ ತಂದವ್ಳೆ. ಗೇಟ್ನಿಂದಾಚೆ ಇರ್ಲಿ.” ಸಂಜೆ ಚಳಿ ಹೆಚ್ಚಾಯಿತು. ಗೇಟಿನಿಂದ ಜಗಲಿಗೆ ಬಂತು. ಸಂಕ್ರಾಂತಿ ಹೊತ್ತಿಗೆ ನಡುಮನೆ. ಯುಗಾದಿ ಹೊತ್ತಿಗೆ ಅತ್ತೆಯ ಮಂಚದ ಕೆಳಗೆ. ಹೆಸರಿಟ್ಟಿದ್ದೂ ಅತ್ತೆಯೇ. ಅಡುಗೆಮನೆ ಹೊಸ್ತಿಲು ಮಾತ್ರ ದಾಟಕೂಡದು. ಅದನ್ನು ಸುಬ್ಬಿ ಹನ್ನೊಂದು ವರ್ಷ ಪಾಲಿಸಿತು. ಹೊಸ್ತಿಲ ಮೇಲೆ ಗಲ್ಲ ಇಟ್ಟು, ಮೂತಿ ಅಡುಗೆಮನೆಯೊಳಗೆ, ಮೈಯೆಲ್ಲ ಹೊರಗೆ. ಕಾನೂನಿನ ಪ್ರಕಾರ ತಪ್ಪಿಲ್ಲ.

ಸುಬ್ಬಿಯ ದಿನಚರಿ ಗಡಿಯಾರದ ಮೇಲೆ ನಡೆಯುತ್ತಿರಲಿಲ್ಲ, ನಮ್ಮನೆ ಸದ್ದಿನ ಮೇಲೆ ನಡೆಯುತ್ತಿತ್ತು. ಕುಕ್ಕರ್ ಮೂರನೇ ಸಲ ಕೂಗಿದರೆ ಎದ್ದು ಮೈ ಮುರಿಯುವುದು. ತೆಂಗಿನಕಾಯಿ ಒಡೆದ ಸದ್ದಿಗೆ ಹಿತ್ತಿಲಿನಲ್ಲಿದ್ದರೂ ಓಡಿಬರುವುದು. ಒಂದು ಚೂರು ಕೊಡದಿದ್ದರೆ ತುರಿಯುವವರ ಬೆನ್ನ ಹಿಂದೆ ಕೂತು ನಿಟ್ಟುಸಿರು ಬಿಡುವುದು. ನಮ್ಮನೆಯವರು ಸ್ಕೂಟರ್ ಕೀಲಿ ತೆಗೆದರೆ ಒಂದು ಥರ, ಮನೆ ಕೀಲಿ ತೆಗೆದರೆ ಇನ್ನೊಂದು ಥರ. ಎರಡಕ್ಕೂ ಸದ್ದು ಒಂದೇ ಅಂತ ನನಗೆ ಅನ್ನಿಸುತ್ತಿತ್ತು. ನಮಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ, ನಾಯಿಗೆ 45,000ದ ಹತ್ತಿರ. ನಮಗೆ ಒಂದೇ ಆಗಿದ್ದು ಅದಕ್ಕೆ ಬೇರೆ ಬೇರೆ. ದೀಪಾವಳಿಯ ಮೂರು ದಿನ ಅದೇ ಕಿವಿ ಅದಕ್ಕೆ ಶತ್ರು. ರಾಗಿ ಚೀಲದ ಹಿಂದೆ ಸೇರಿಕೊಂಡು ನಡುಗುತ್ತಿತ್ತು. ಅತ್ತೆ ಪಕ್ಕದಲ್ಲಿ ಕೂತು ಎರಡೂ ಕಿವಿ ಮುಚ್ಚಿ ಹಿಡಿಯುತ್ತಿದ್ದರು. ಪಟಾಕಿ ಹೊಡೆಯುವ ಹುಡುಗರಿಗೆ ಅವರು ಕೊಟ್ಟ ಬೈಗುಳಗಳನ್ನು ಈ ವೇದಿಕೆಯಲ್ಲಿ ಹೇಳಲಾರೆ.

ಊಟದ ವಿಚಾರಕ್ಕೆ ಬಂದರೆ ಸುಬ್ಬಿ ಅಪ್ಪಟ ಮಂಡ್ಯದ್ದು. ಮುದ್ದೆಯನ್ನು ಎಂದೂ ಅಗಿಯಲಿಲ್ಲ, ನುಂಗಿತು. ಮೈಸೂರಿನಿಂದ ಬಂದ ನಮ್ಮ ತಂಗಿ ಮಕ್ಕಳು ಮುದ್ದೆ ಕಚ್ಚಿ ಕಚ್ಚಿ ತಿನ್ನುವಾಗ ಅತ್ತೆ, “ನಾಯಿ ನೋಡಿ ಕಲ್ತ್ಕಳ್ರೋ” ಅನ್ನುತ್ತಿದ್ದರು. ತಂಗಿಗೆ ಸ್ವಲ್ಪ ಬೇಜಾರಾಗುತ್ತಿತ್ತು. ಸಾರು ಹಾಕುತ್ತಿರಲಿಲ್ಲ. ಈರುಳ್ಳಿ ನಾಯಿಯ ರಕ್ತ ಕೆಡಿಸುತ್ತದೆ, ದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ, ಚಾಕೊಲೇಟ್ ವಿಷ, ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಕೊನೆಯದ್ದನ್ನು ನಾಟಿಕೋಳಿ ಸಾರಿನ ಈ ಸೀಮೆಯಲ್ಲಿ ಜನರಿಗೆ ಒಪ್ಪಿಸುವುದು ಕಷ್ಟ. “ನಮ್ಮೂರ್ ನಾಯಿ ತಿನ್ನಲ್ವಾ?” ಅನ್ನುತ್ತಾರೆ. ತಿನ್ನುತ್ತವೆ, ಕೆಲವು ಸಾಯುತ್ತವೆ, ಕರಿಯನ ಹಾಗೆ ಎಲ್ಲೋ ಹೋಗಿ ಸಾಯುವುದರಿಂದ ನಮಗೆ ಕಾಣುವುದಿಲ್ಲ.

ಇನ್ನು ಸುಬ್ಬಿ ಮಾಡಿದ ಪಾಪ. ಯುಗಾದಿ ದಿನ ಒಬ್ಬಟ್ಟಿನ ಹೂರಣ ಅರ್ಧ ಪಾತ್ರೆ. ನಮ್ಮನೆಯವರ ಎಂಟು ಚಪ್ಪಲಿ, ಎಲ್ಲವೂ ಎಡಗಾಲಿನವೇ. ಹತ್ತನೇ ಕ್ಲಾಸಿನ ನಲವತ್ತೆರಡು ಉತ್ತರಪತ್ರಿಕೆಗಳಲ್ಲಿ ಮೂರು. ಆ ಮೂವರಿಗೂ ಉದಾರವಾಗಿ ಅಂಕ ಕೊಟ್ಟೆ. ಸಂಬಂಧ ನೋಡಲು ಬಂದಿದ್ದ ಗಂಡಿನ ಕಡೆಯವರನ್ನು ಗೇಟಿನಲ್ಲೇ ತಡೆದು ನಿಲ್ಲಿಸಿದ್ದು ಪಾಪವೋ ಪುಣ್ಯವೋ ಮಗಳೇ ಹೇಳಬೇಕು. ಆ ಗೊರವ ಹೆದರುತ್ತಿದ್ದ ಪಾಪ ಇಂಥದ್ದೇ ಆಗಿದ್ದರೆ ಅವನು ಧಾರಾಳವಾಗಿ ಊಟ ಮಾಡಬಹುದಿತ್ತು.

ನಾಯಿಗೆ ವಯಸ್ಸಾಗುವುದು ನಮಗೆ ತಿಳಿಯುವುದೇ ಇಲ್ಲ, ನಾವೂ ಜೊತೆಯಲ್ಲೇ ಮುದುಕರಾಗುತ್ತಿರುತ್ತೇವೆ. ಮೊದಲು ಮೂತಿ ಬೆಳ್ಳಗಾಯಿತು. ಆಮೇಲೆ ಕುಕ್ಕರ್ ಕೂಗಿದರೂ ಏಳಲಿಲ್ಲ, ಕಿವಿ ಮಂದವಾಗಿತ್ತು. ಆ ವರ್ಷದ ದೀಪಾವಳಿಗೆ ಸುಬ್ಬಿ ನೆಮ್ಮದಿಯಾಗಿ ನಿದ್ದೆ ಮಾಡಿತು. ನಾವು ಖುಷಿಪಟ್ಟೆವು.

2022ರ ಬೇಸಿಗೆಯಲ್ಲಿ ನೀರು ಕುಡಿಯುವುದು ಹೆಚ್ಚಾಯಿತು. ಸೆಖೆ ಅಂದುಕೊಂಡೆವು. ಜುಲೈನಲ್ಲಿ ಮಳೆ ಹಿಡಿದರೂ ಅಷ್ಟೇ ಕುಡಿಯುತ್ತಿತ್ತು. ಮೈ ಇಳಿಯಿತು. ಬಾಯಿಂದ ಒಂದು ಥರ ಘಾಟು, ಉಚ್ಚೆಯ ವಾಸನೆಯ ಹಾಗೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ಏರಿತ್ತು. ಮೂತ್ರಪಿಂಡದ ಮುಕ್ಕಾಲು ಪಾಲು ಹಾಳಾಗುವವರೆಗೆ ರಕ್ತದಲ್ಲಿ ಅದು ಸರಿಯಾಗಿ ಕಾಣುವುದೇ ಇಲ್ಲವಂತೆ. ವಯಸ್ಸಾದ ನಾಯಿ ಸಾಕಿರುವವರು ಇಲ್ಲಿ ಇದ್ದರೆ ನೀರಿನ ಬಟ್ಟಲಿನ ಮೇಲೆ ಒಂದು ಕಣ್ಣಿಡಿ, ಇಷ್ಟೇ ನಾನು ಹೇಳಬಲ್ಲೆ.

ಡಾಕ್ಟರು ನಿಧಾನವಾಗಿ, “ಮೇಡಂ, ಡ್ರಿಪ್ ಹಾಕ್ಬಹುದು, ಸ್ವಲ್ಪ ದಿನ ಎಳೆಯುತ್ತೆ. ಇಲ್ಲಾ ಅಂದ್ರೆ ಇಂಜೆಕ್ಷನ್ ಕೊಡ್ಬಹುದು. ನೀವು ಹೇಳಿ” ಅಂದರು. ಕನ್ನಡದಲ್ಲಿ ಇದಕ್ಕೆ ದಯಾಮರಣ ಎಂಬ ಪುಸ್ತಕದ ಪದ ಇದೆ. ಆಡುಮಾತಿನಲ್ಲಿ ಇಂಜೆಕ್ಷನ್ ಕೊಡಿಸುವುದು, ಅಷ್ಟೆ. ಲಸಿಕೆಗೂ ಅದೇ ಮಾತು, ಸಾವಿಗೂ ಅದೇ ಮಾತು. ಮನೆಯಲ್ಲಿ ಆ ಪದ ಆಡಿದಾಗ ಅತ್ತೆ, “ಕೊಡ್ಸು, ವಾಸಿಯಾಗ್ಲಿ” ಅಂದರು. ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ.

ಇಲ್ಲಿ ನನ್ನದೊಂದು ತಪ್ಪಿದೆ. ಮಗ ಆಗ ಪುಣೆಯಲ್ಲಿದ್ದ. ಅವನಿಗೆ ರಜೆ ಸಿಗುವುದು ಮುಂದಿನ ವಾರದ ಕೊನೆಗೆ. ಅವನು ಬಂದು ನೋಡಲಿ ಅಂತ ನಾನು ಡ್ರಿಪ್ಪೇ ಇರಲಿ ಅಂದೆ. ಹನ್ನೊಂದು ದಿನ. ದಿನವೂ ಬೆಳಿಗ್ಗೆ ಭುಜದ ಮೇಲಿನ ಚರ್ಮ ಎತ್ತಿ ಹಿಡಿದು ಸೂಜಿ ಚುಚ್ಚಿ ನೀರು ಏರಿಸುವುದು. ಭುಜದ ಮೇಲೆ ನಿಂಬೆಹಣ್ಣಿನಷ್ಟು ಉಬ್ಬು ಬಂದು, ಇಳಿದು ಮುಂಗಾಲಿಗೆ ಜಾರುತ್ತಿತ್ತು. ಆರನೇ ದಿನದಿಂದ ಸೂಜಿ ಡಬ್ಬಿ ತೆರೆದ ಸದ್ದಿಗೆ, ಅಷ್ಟು ಕಿವುಡು ನಾಯಿ, ಎದ್ದು ಮಂಚದ ಕೆಳಗೆ ಹೋಗಲು ನೋಡುತ್ತಿತ್ತು. ಕಾಲು ಏಳುತ್ತಿರಲಿಲ್ಲ. ಎಂಟನೇ ದಿನ ಅಡುಗೆಮನೆ ಹೊಸ್ತಿಲು ದಾಟಿ ಒಳಗೆ ಬಂದು, ತಣ್ಣಗಿನ ನೆಲದ ಮೇಲೆ, ಗ್ಯಾಸ್ ಸಿಲಿಂಡರ್ ಹಿಂದಿನ ಕತ್ತಲಲ್ಲಿ ಮಲಗಿತು. ಅತ್ತೆ ಒಲೆ ಮುಂದೆಯೇ ಇದ್ದರು, ಎದ್ದು ಹೋಗು ಅನ್ನಲಿಲ್ಲ. ಆ ದಿನವೇ ನನಗೆ ಅರ್ಥವಾಗಬೇಕಿತ್ತು. ಕರಿಯನಿಗೆ ಇಡೀ ಊರಿತ್ತು, ಹೊಲವಿತ್ತು, ಚಾನಲ್ ಏರಿಯಿತ್ತು. ಇದಕ್ಕೆ ಸಿಲಿಂಡರ್ ಹಿಂದಿನ ಎರಡಡಿ ಜಾಗ. ಗೇಟು ಹಾಕಿದವರು ನಾವು. ಹಾಕಿದ ಮೇಲೆ ಹೊರಡುವ ಹೊತ್ತು ಯಾವುದು ಅಂತ ಹೇಳುವ ಕೆಲಸವೂ ನಮ್ಮ ತಲೆಗೇ ಬರುತ್ತದೆ. ಅದನ್ನು ಹನ್ನೊಂದು ದಿನ ನಾನು ಮಾಡಲಿಲ್ಲ. ಮಗ ಬಂದು ಒಂದು ಸಲ ನೋಡಿ, “ಅಮ್ಮ, ನನಗೋಸ್ಕರ ಇಟ್ಕೊಂಡಿದ್ಯಾ ಇದನ್ನ?” ಅಂದ. ಅವನು ಬೈದಿದ್ದಲ್ಲ. ಆದರೂ ಆ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ಮಾರನೆ ಬೆಳಿಗ್ಗೆ ಡಾಕ್ಟರು ಮನೆಗೇ ಬಂದರು. ಏನಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ, ಅದಕ್ಕೇ ಹೇಳುತ್ತಿದ್ದೇನೆ. ಮೊದಲು ಮಂಪರು ಬರಿಸುವ ಇಂಜೆಕ್ಷನ್. ಹತ್ತು ಹದಿನೈದು ನಿಮಿಷದಲ್ಲಿ ತಲೆ ಭಾರವಾಗಿ ನನ್ನ ತೊಡೆ ಮೇಲೆ ಬಿತ್ತು. ಆಮೇಲೆ ಮುಂಗಾಲಿನ ಒಂದು ಕಡೆ ಕೂದಲು ಬೋಳಿಸಿ ನರ ಹುಡುಕಿದರು. ಅದರೊಳಕ್ಕೆ ಹೋಗುವುದು ಆಪರೇಷನ್ನಿಗೆ ಕೊಡುವಂಥ ಅರಿವಳಿಕೆಯೇ, ಪ್ರಮಾಣ ಮಾತ್ರ ಬಹಳ ಹೆಚ್ಚು. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ಉಸಿರು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಎದೆ ನಿಲ್ಲುತ್ತದೆ. ಕಣ್ಣು ಮುಚ್ಚುವುದಿಲ್ಲ. ಉಚ್ಚೆ ಹೋಗಬಹುದು. ಎಲ್ಲ ಮುಗಿದ ಮೇಲೂ ಒಂದು ಸಲ ದೊಡ್ಡ ಉಸಿರು ಎಳೆದಂತೆ ಆಗಬಹುದು, ನಮ್ಮ ಮಗಳು ಆಗ “ಇದೆ, ಇದೆ, ಬದುಕಿದೆ” ಅಂತ ಕೂಗಿಬಿಟ್ಟಳು. ಅದು ಬರೀ ಸ್ನಾಯುವಿನ ಎಳೆತ ಎಂದು ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಎರಡು ನಿಮಿಷ ಕೇಳಿ, ಅವಳ ತಲೆ ಸವರಿ ಹೇಳಿದರು. ದನ, ಎಮ್ಮೆ, ಕುರಿ ಅಂತ ನಲವತ್ತು ವರ್ಷ ನೋಡಿದ ಮನುಷ್ಯ. ಫೀಸು ಕೊಡಲು ಹೋದರೆ, “ಇವತ್ತು ಬೇಡ ಬಿಡಿ” ಅಂದರು.

ಮದ್ದೂರಿನ ಹತ್ತಿರ ನಮ್ಮನೆಯವರಿಗೆ ಸ್ವಲ್ಪ ಜಮೀನಿದೆ. ಹಳೆಯ ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತೆಗೆದುಕೊಂಡು ಹೋದೆವು. ಆಗಸ್ಟ್ ತಿಂಗಳು, ಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಟಿದ್ದರು. ಗದ್ದೆ ಬದುವಿನ ತೆಂಗಿನ ಮರದ ಹತ್ತಿರ ಎಂದು ನಾವು ಯೋಚಿಸಿದ್ದೆವು. ಗುಂಡಿ ತೋಡಲು ಬಂದ ಆಳು ಎರಡು ಸಲ ಗುದ್ದಲಿ ಹಾಕಿ, “ಇಲ್ ಬ್ಯಾಡಿ ಸಾಮಿ, ನೀರ್ ಒಸರ್ತದೆ. ನೆಂದ್ಕಂಡ್ ಮಲ್ಗದಾ ಅದು?” ಅಂದ. ಮೇಲಿನ ಹೊಲಕ್ಕೆ ಹೋದೆವು, ಕೆಂಪು ಮಣ್ಣು, ಹುರುಳಿ ಬಿತ್ತುವ ಜಾಗ. ನಾಲ್ಕಡಿ ಆಳ ಇರಲೇಬೇಕೆಂದು ಡಾಕ್ಟರು ಹೇಳಿದ್ದರು. ಆ ಔಷಧಿ ದೇಹದಲ್ಲೇ ಉಳಿದಿರುತ್ತದೆ, ನರಿ ನಾಯಿ ಕೆದಕಿ ತಿಂದರೆ ಅವೂ ಸಾಯುತ್ತವೆ. ಆಳಿಗೆ ಕಾರಣ ಹೇಳಲಿಲ್ಲ, ಅವನೇ ಎದೆಮಟ್ಟ ತೋಡಿದ. ಮೇಲೆ ಕಲ್ಲು ಹೇರಿದ. ನೆಟ್ಟ ಕಲ್ಲಲ್ಲ, ಬದುವಿನ ಮೇಲಿದ್ದ ಸುಮ್ಮನೆ ಕಲ್ಲುಗಳು.

ಎಲ್ಲರೂ ಕೇಳುವ ಒಂದು ಮಾತಿದೆಯಲ್ಲ, “ನಾಯಿ ಸತ್ರೆ ಇಷ್ಟೊಂದಾ?” ಅಂತ. ನಮ್ಮನೆಗೂ ಕೇಳಿಕೊಂಡು ಬಂದರು. ಮನುಷ್ಯ ಸತ್ತರೆ ಬರುವವರು ಬರುತ್ತಾರೆ, ಊಟ ಮಾಡಿಸುತ್ತಾರೆ, ಮೂರು ದಿನ, ಹನ್ನೊಂದು ದಿನ ಅಂತ ಲೆಕ್ಕ ಇದೆ. ನಾಯಿ ಸತ್ತರೆ ಮಾರನೆ ದಿನ ಹಾಲಿನವನು ಬರುತ್ತಾನೆ, ಅಷ್ಟೆ. ನಮ್ಮನೆಯವರು ಎರಡು ದಿನ ಯಾರ ಹತ್ತಿರವೂ ಮಾತಾಡದೆ ಹಳೇ ಎಡಗಾಲಿನ ಚಪ್ಪಲಿಗಳನ್ನು ಹುಡುಕುತ್ತಿದ್ದರು. ಒಂದೂ ಸಿಗಲಿಲ್ಲ, ನಾನೇ ಎಸೆದಿದ್ದೆ.

ಮೂರನೇ ದಿನ ಬೆಳಿಗ್ಗೆ ಅತ್ತೆ ತಲೆಗೆ ನೀರು ಹಾಕಿಕೊಂಡು, ಹೊಲಕ್ಕೆ ಹೋಗಿಬರೋಣ ನಡಿ ಅಂದರು. ಎಂಬತ್ತೊಂದು ವಯಸ್ಸು, ಮಂಡಿ ನೋವು. ಅವರು ಹೊಲದ ಕಡೆ ಕಾಲಿಟ್ಟೇ ಎಷ್ಟೋ ವರ್ಷವಾಗಿತ್ತು. ಬದುವಿನ ಮೇಲೆ ನನ್ನ ಕೈ ಹಿಡಿದು ನಡೆದು ಬಂದರು. ಕಲ್ಲಿನ ಗುಡ್ಡೆಯ ಹತ್ತಿರ ಕೂತು ಸೆರಗಿನ ಗಂಟು ಬಿಚ್ಚಿದರು. ಎರಡು ಸ್ಟೀಲ್ ಡಬ್ಬಿ. ಒಂದರಲ್ಲಿ ಹಾಲು, ಒಂದರಲ್ಲಿ ತುಪ್ಪ. ನಾನು ಕೇಳಬಾರದಿತ್ತು, ಮೇಷ್ಟ್ರ ಬುದ್ಧಿ, ಕೇಳಿಬಿಟ್ಟೆ: “ಅತ್ತೆ, ನಾಯಿಗೂ ಹಾಲು ತುಪ್ಪ ಬಿಡ್ತಾರಾ?”

ಅತ್ತೆ ನನ್ನ ಕಡೆ ತಿರುಗಲಿಲ್ಲ. ತುಪ್ಪದ ಡಬ್ಬಿ ಬಗ್ಗಿಸುತ್ತಾ ಅಂದರು, “ಬುಡ್ತರೋ ಇಲ್ವೋ ನಂಗೇನವ್ವ ಗೊತ್ತು. ತುಪ್ಪ ಅಂದ್ರೆ ಪ್ರಾಣ ಬುಡ್ತಿತ್ತಲ್ಲ ಅದು, ಅದ್ಕೇ ತಂದೆ.”